ಒಂಬತ್ತು ಸಾವಿರದ ಐನೂರ ತೊಂಬತ್ತು ಸುತ್ತು

ಒಂದು ಗಂಟೆ ನಲವತ್ತನಾಲ್ಕು ನಿಮಿಷ ಮೂವತ್ತೆಂಟು ಸೆಕೆಂಡ್. ಕನ್ನಡಕದಂಗಡಿಯಲ್ಲಿ ಕೆಲಸ ಮಾಡುವ ಆ ಹೆಂಗಸು ತನ್ನ ಮದುವೆಯ ತಾರೀಕನ್ನು ಬೇಕಾದರೆ ಮರೆತಾಳು, ಮರೆತದ್ದೂ ಉಂಟು, ಗಂಡ ಅದನ್ನು ಇವತ್ತಿಗೂ ಎತ್ತಿ ಆಡುತ್ತಾನೆ. ಈ ಅಂಕಿಯನ್ನು ಮಾತ್ರ ನಿದ್ದೆಯಿಂದ ಎಬ್ಬಿಸಿ ಕೇಳಿದರೂ ತಡವರಿಸದೆ ಹೇಳುತ್ತಾಳೆ. ಇಪ್ಪತ್ತಾರನೇ ವಯಸ್ಸಿನಲ್ಲಿ ಊರಿನ ಮೊದಲ ಹಾಫ್ ಮ್ಯಾರಥಾನನ್ನು, ಅಂದರೆ ಇಪ್ಪತ್ತೊಂದು ಕಿಲೋಮೀಟರ್ ಚಿಲ್ಲರೆ ದೂರವನ್ನು, ಅವಳು ಓಡಿ ಮುಗಿಸಿದ ಹೊತ್ತು ಅದು. ಈಗ ಅವಳಿಗೆ ನಲವತ್ತೊಂದು. ನಡುವಿನ ಹದಿನೈದು ವರ್ಷ ಅವಳು ಆ ಅಂಕಿಯ ಬೆನ್ನು ಬಿಡಲಿಲ್ಲ, ಅದು ಅವಳ ಕೈಗೆ ಸಿಗಲಿಲ್ಲ.

ಅಂಕಿ ಎಂದರೆ ಅವಳಿಗೆ ತಮಾಷೆಯಲ್ಲ. ಗಾಜು ಉಜ್ಜಿ ಚೌಕಟ್ಟಿಗೆ ಕೂರಿಸುವುದು ಅವಳ ಕಸುಬು. ಕಣ್ಣಿನ ಪಾಪೆಗೂ ಗಾಜಿನ ನಡುವಿಗೂ ಎರಡು ಮಿಲಿಮೀಟರ್ ಆಚೀಚೆಯಾದರೆ ಗಿರಾಕಿ ಮೂರೇ ದಿನದಲ್ಲಿ ತಲೆ ಹಿಡಿದುಕೊಂಡು ವಾಪಸ್ ಬರುತ್ತಾನೆ. ಅವಳ ಕೈಯಿಂದ ಹೋದ ಕನ್ನಡಕ ಹಾಗೆ ವಾಪಸ್ ಬಂದದ್ದಿಲ್ಲ.

ನಾಲ್ಕು ವರ್ಷದ ಹಿಂದೆ ಒಮ್ಮೆ ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ. ಆ ಸಲ ಓಡಿದ್ದು ಒಂದು ನಲವತ್ತೈದು ಇಪ್ಪತ್ತು. ಬರೀ ನಲವತ್ತೆರಡು ಸೆಕೆಂಡ್ ತಡ. ಜೊತೆಯವರು ಎದುರುಗಾಳಿ ಇತ್ತು, ದಾರಿ ಏರಿತ್ತು ಎಂದು ಸಮಾಧಾನ ಹೇಳಹೋದರೆ, "ಕುಣಿಯೋಕೆ ಬರದವಳು ನೆಲ ಡೊಂಕು ಅಂದ್ಳಂತೆ. ನನ್ನ ಕೈಲಾಗಲಿಲ್ಲ, ಅಷ್ಟೇ" ಎಂದು ಬಾಯಿ ಮುಚ್ಚಿಸಿ, ಫುಟ್‌ಪಾತಿನ ಮೇಲೆ ಕೂತು ಎಲ್ಲರೆದುರೇ ಅತ್ತಳು. ಅಣ್ಣ ಪಕ್ಕದಲ್ಲಿ ನಿಂತು "ಚೆನ್ನಾಗಿ ಓಡಿದೆ ಕಣೇ" ಎಂದದ್ದು ಅವಳಿಗೆ ಗಾಯದ ಮೇಲೆ ಉಪ್ಪು ಸವರಿದ ಹಾಗಾಯಿತು. ಎರಡು ತಿಂಗಳು ಅಣ್ಣನ ಅಂಗಡಿಯ ಕಡೆ ತಲೆ ಹಾಕಲಿಲ್ಲ.

ಈ ವರ್ಷವೇ ಕೊನೆ ಎಂದು ಅವಳು ಎಲ್ಲರಿಗೂ ಹೇಳಿಬಿಟ್ಟಿದ್ದಳು. ಹಿಮ್ಮಡಿ ನೋವು ಬೆಳಗ್ಗೆ ಕಾಲನ್ನು ನೆಲಕ್ಕೆ ಊರಲು ಬಿಡುತ್ತಿರಲಿಲ್ಲ. ಇನ್ನೊಂದು ವರ್ಷ ಹೀಗೇ ಓಡಿದರೆ ಅಂಗಡಿಗೆ ನಡೆದು ಹೋಗುವುದೂ ಕಷ್ಟ ಎಂದು ಡಾಕ್ಟರು ಹೇಳಿದ್ದರು. ಭಾನುವಾರ ಓಟ. ಬುಧವಾರ ಸಂಜೆ ಕೆಲಸ ಮುಗಿಸಿ ಅವಳು ಅಣ್ಣನ ಸೈಕಲ್ ಅಂಗಡಿಗೆ ಹೋದಳು.

ಅಣ್ಣನಿಗೆ ಊರಿನಲ್ಲಿ ಗಾಳಿಯಣ್ಣ ಎಂದೇ ಹೆಸರು. ಸೈಕಲ್ಲಿಗೆ ಗಾಳಿ ಹಾಕುತ್ತಾನೆಂದು ಆ ಹೆಸರು ಬಂತೆಂದು ಜನ ಹೇಳುತ್ತಾರೆ. ಮಾತಿನಲ್ಲೂ ಅದನ್ನೇ ತುಂಬುತ್ತಾನೆ, ಅದಕ್ಕೇ ಬಂತು ಎಂದು ಅತ್ತಿಗೆ ಹೇಳುತ್ತಾಳೆ. ಅವನು ಒಂದು ಚಕ್ರವನ್ನು ಎದುರಿಗಿಟ್ಟುಕೊಂಡು ಕಡ್ಡಿಗಳನ್ನು ಒಂದೊಂದಾಗಿ ಬಿಗಿಮಾಡಿ ಡೊಂಕು ತೆಗೆಯುತ್ತಿದ್ದ. ತಂಗಿ ಸ್ಟೂಲು ಎಳೆದುಕೊಂಡು ಕೂತು ತನ್ನ ಯೋಜನೆ ಒಪ್ಪಿಸಿದಳು.

"ಮೊದಲ ಹತ್ತು ಕಿಲೋಮೀಟರ್ ಒಂದೊಂದಕ್ಕೆ ನಾಲ್ಕು ನಿಮಿಷ ಐವತ್ತು ಸೆಕೆಂಡಿನಂತೆ ಹೋಗಿಬಿಡ್ತೀನಿ. ಆಮೇಲೆ ಹಿಮ್ಮಡಿ ಉಳಿದ್ರೆ ಉಳೀಲಿ."

"ಹದಿನೈದನೇ ಕಿಲೋಮೀಟರಿಗೆ ಕೂತುಬಿಡ್ತೀಯ."

"ಕೂತ್ರೆ ಕೂರ್ತೀನಿ. ನಲವತ್ತನಾಲ್ಕು ಮೂವತ್ತೆಂಟು ಮುರೀದೆ ನಿಲ್ಸೋದಕ್ಕಿಂತ ಅದೇ ವಾಸಿ."

ಅಣ್ಣ ಕಡ್ಡಿ ತಿರುಗಿಸುವ ಕೀ ಕೆಳಗಿಟ್ಟ. ಎಣ್ಣೆ ಕೈಯನ್ನು ಬಟ್ಟೆಗೆ ಒರೆಸಿಕೊಂಡ, ಒರೆಸಿಕೊಂಡದ್ದನ್ನೇ ಮತ್ತೆ ಒರೆಸಿಕೊಂಡ. "ಆ ವರ್ಷ ನಾವಿಬ್ಬರೂ ದಾರಿ ಅಳೆದದ್ದು ನೆನಪಿದೆಯಾ ನಿನಗೆ?" ಎಂದ.

ನೆನಪಿಲ್ಲದೆ ಏನು. ಹಠ ಹಿಡಿದು ಬಂದಿದ್ದವಳ ಮುಖದ ಮೇಲೂ ನಗು ಬಂದುಬಿಟ್ಟಿತು. ಆಗ ಊರಿನಲ್ಲಿ ಬೆಳಗ್ಗೆ ಓಡುವವರು ಒಟ್ಟು ಹನ್ನೊಂದು ಜನ. ನಮ್ಮದೇ ಒಂದು ಓಟ ಇರಲಿ ಎಂದು ಅವರಿಗೆ ಆಸೆ ಹುಟ್ಟಿತು, ಆದರೆ ಇಪ್ಪತ್ತೊಂದು ಕಿಲೋಮೀಟರ್ ಅಳೆಯುವವರು ಯಾರು? ಕಾರಿನ ಮೀಟರನ್ನು ನಂಬುವಂತಿರಲಿಲ್ಲ. "ನನ್ನ ಚಕ್ರ ಸುಳ್ಳು ಹೇಳಲ್ಲ" ಎಂದು ಗಾಳಿಯಣ್ಣ ಎದೆ ತಟ್ಟಿಕೊಂಡ. ಅಂಗಡಿಯಲ್ಲಿ ಸೈಕಲ್ಲನ್ನು ಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಹಿಂದಿನ ಚಕ್ರದ ಸುತ್ತ ಟೇಪು ಹಿಡಿದರು. ಎರಡು ಮೀಟರ್ ಇಪ್ಪತ್ತು ಸೆಂಟಿಮೀಟರ್. ಕನ್ನಡಕದ ಕೈಯವಳು ಸುಮ್ಮನಿರುತ್ತಾಳೆಯೇ? ಮೂರು ಸಲ ಅಳೆಸಿದಳು. ಮೂರು ಸಲವೂ ಅಷ್ಟೇ ಬಂತು. ಅವಳೇ ಭಾಗಿಸಿ ಹೇಳಿದಳು: ಚಕ್ರ ಒಂಬತ್ತು ಸಾವಿರದ ಐನೂರ ತೊಂಬತ್ತು ಸುತ್ತು ತಿರುಗಿದರೆ ಹಾಫ್ ಮ್ಯಾರಥಾನ್.

ಒಂದು ಭಾನುವಾರ ಬೆಳಗ್ಗೆ ಆರಕ್ಕೆ ಹೊರಟರು. ಚಕ್ರದ ಒಂದು ಕಡ್ಡಿಗೆ ಕೆಂಪು ರಿಬ್ಬನ್ ಕಟ್ಟಿ, ಅವಳು ಕ್ಯಾರಿಯರ್ ಮೇಲೆ ಒಂದು ಮಗ್ಗುಲಾಗಿ ಕೂತು, ಬಗ್ಗಿ ನೋಡುತ್ತ, ರಿಬ್ಬನ್ ಬಂದಾಗಲೆಲ್ಲ ಒಂದು, ಎರಡು ಎಂದು ಕೂಗಿ ಎಣಿಸಬೇಕು. ನೂರಾದರೆ ಬಲಜೇಬಿನಿಂದ ಒಂದು ಉಕ್ಕಿನ ಬೇರಿಂಗ್ ಗುಂಡು ಎಡಜೇಬಿಗೆ. ಸಾವಿರಕ್ಕೊಮ್ಮೆ ರಸ್ತೆ ಬದಿಗೆ ಸೀಮೆಸುಣ್ಣದ ಗೆರೆ. ಗೋದಾಮುಗಳ ಹಿಂದೆ, ನೂಲಿನ ಗಿರಣಿಯ ಕಾಂಪೌಂಡಿನ ಗುಂಟ, ನದಿಯ ದಂಡೆ ಹಿಡಿದು ಹೊರಟಿತು ಸವಾರಿ. ನಾಲ್ಕನೇ ಸಾವಿರದಲ್ಲಿ ನಾಯಿಯೊಂದು ಅಟ್ಟಿಸಿಕೊಂಡು ಬಂದು ಲೆಕ್ಕ ತಪ್ಪಿತು. ಕೊನೆಯ ಗುಂಡು ಜೇಬು ಬದಲಾಯಿತೋ ಇಲ್ಲವೋ, ಆರುನೂರೋ ಏಳುನೂರೋ ಎಂದು ನಡುರಸ್ತೆಯಲ್ಲೇ ಅಣ್ಣ ತಂಗಿಗೆ ಜಗಳವಾಗಿ, ಕೊನೆಗೆ ಹಿಂದಿನ ಗೆರೆಯವರೆಗೂ ವಾಪಸ್ ಹೋಗಿ ಶುರುಮಾಡಿದರು. ನೀರಿನ ಟ್ಯಾಂಕಿನ ಏರಿನಲ್ಲಿ ಅಣ್ಣ ಪೆಡಲ್ ಮೇಲೆ ಎದ್ದು ನಿಂತು ತುಳಿದ, ಅಂಗಿಯ ಬೆನ್ನು ತೊಯ್ದು ಮೈಗಂಟಿತ್ತು.

"ಇಳೀತೀನಿ ಅಣ್ಣ, ನಡೀತೀನಿ."

"ಇಳಿದ್ರೆ ಎಣಿಸೋರು ಯಾರು? ಸುಮ್ನೆ ಕೂತ್ಕೊ."

ಶಾಲೆಯ ಮೈದಾನದ ಗೇಟಿನ ಹತ್ತಿರ ಲೆಕ್ಕ ಮುಗಿಯುವ ಹೊತ್ತಿಗೆ ಬಿಸಿಲೇರಿತ್ತು. ಅವಳ ಗಂಟಲು ಕಟ್ಟಿತ್ತು. ಇಬ್ಬರೂ ಶಾಲೆಯ ಮೆಟ್ಟಿಲ ಮೇಲೆ ಕೂತು ಬನ್ ತಿಂದರು. ಅವಳು ಎಣಿಸುತ್ತಿದ್ದ ರಾಗವನ್ನೇ ಅಣಕಿಸಿ ಅಣ್ಣ ಅವಳನ್ನು ಹೊಟ್ಟೆ ಹುಣ್ಣಾಗುವಷ್ಟು ನಗಿಸಿದ. ಮರುವರ್ಷ ಮದುವೆಯಾಗಿ ಅವಳು ನದಿಯಾಚೆಯ ಮನೆಗೆ ಹೋದಳು. ಅಲ್ಲಿಂದಾಚೆ ಅಣ್ಣನ ಸೈಕಲ್ ಹಿಂದೆ ಅವಳು ಕೂತದ್ದಿಲ್ಲ.

ಅಳೆದ ಮೂರನೇ ವಾರಕ್ಕೆ ಓಟ. ಆ ದಿನ ಎಲ್ಲರ ಕಾಲಿಗೂ ರೆಕ್ಕೆ ಬಂದಿತ್ತು. ಹನ್ನೊಂದು ಜನರಲ್ಲಿ ಒಬ್ಬರಾದರೂ ತಮ್ಮ ಅಂದಾಜಿಗಿಂತ ತಡವಾಗಿ ಬರಲಿಲ್ಲ. ಆಗ ಅಂಚೆ ಹಂಚುತ್ತಿದ್ದ, ಈಗ ಎಲ್ಲರಿಗೂ ಅಂಚೆ ತಾತ ಆಗಿರುವವರು ಐವತ್ತೊಂಬತ್ತರ ವಯಸ್ಸಿನಲ್ಲಿ ಒಂದು ಐವತ್ತೊಂಬತ್ತು ಹತ್ತಕ್ಕೆ ಬಂದು, ಎರಡು ಗಂಟೆಯೊಳಗೆ ಮುಗಿಸಿದೆನೆಂದು ಗೇಟು ತಬ್ಬಿಕೊಂಡಿದ್ದರು. ತಂಪು ಹವೆ, ಒಳ್ಳೆ ದಾರಿ, ದೊಡ್ಡವರ ಪುಣ್ಯ ಎಂದು ಒಬ್ಬೊಬ್ಬರು ಒಂದೊಂದು ಕಾರಣ ಕೊಟ್ಟುಕೊಂಡರು.

"ನೆನಪಿದೆ. ಅದಕ್ಕೇನೀಗ?" ಎಂದಳು ತಂಗಿ.

"ಮರುವರ್ಷ ನದಿ ರಸ್ತೆ ಅಗೆದುಹಾಕಿದ್ರಲ್ಲ. ಹೊಸ ದಾರಿ ಅಳೆಯೋಕೆ ಹೊರಗಿಂದ ಒಬ್ಬರನ್ನ ಕರೆಸಿದ್ರು. ಅವರೂ ಸೈಕಲ್ಲಲ್ಲೇ ಅಳೆದ್ರು. ಆದ್ರೆ ಅವರು ಟೇಪನ್ನ ಚಕ್ರಕ್ಕೆ ಹಿಡೀಲಿಲ್ಲ. ರಸ್ತೆ ಮೇಲೆ ಹಾಸಿ, ಸೈಕಲ್ ಮೇಲೆ ತಾವು ಕೂತು, ಅದರ ಪಕ್ಕ ಓಡ್ಸಿ ನೋಡಿದ್ರು. ಯಾಕೆ ಅಂತ ಕೇಳ್ದೆ. ಭಾರಕ್ಕೆ ಟೈರು ಒತ್ತುತ್ತಪ್ಪ, ಕೂತಾಗ ಚಕ್ರ ಚಿಕ್ಕದಾಗುತ್ತೆ ಅಂದ್ರು." ಅಣ್ಣ ತಲೆ ಎತ್ತಲಿಲ್ಲ. "ನಾವು ಟೇಪ್ ಹಿಡಿದಾಗ ಸೈಕಲ್ ಸ್ಟ್ಯಾಂಡ್ ಮೇಲಿತ್ತು. ಓಡ್ಸಿದಾಗ ಮೇಲೆ ನಾನಿದ್ದೆ, ನೀನಿದ್ದೆ. ನೀನಂತೂ ಸರಿಯಾಗಿ ಹಿಂದಿನ ಚಕ್ರದ ಮೇಲೇ. ಆವತ್ತೇ ಮನೆಗೆ ಬಂದು ಸೈಕಲ್ ಮೇಲೆ ನಮ್ಮಿಬ್ಬರ ಭಾರದಷ್ಟು ಮೂಟೆ ಹೇರಿ ನೋಡ್ದೆ. ಒಂದೊಂದು ಸುತ್ತಲ್ಲೂ ಮೂರು ಸೆಂಟಿಮೀಟರ್ ಕಮ್ಮಿ."

ಅವಳ ತಲೆ ತಾನಾಗಿಯೇ ಗುಣಿಸಿಬಿಟ್ಟಿತು. ದಾರಿ ಇನ್ನೂರ ಎಂಬತ್ತೆಂಟು ಮೀಟರ್ ಕಮ್ಮಿ. ಅವಳ ಓಟಕ್ಕೆ ಸುಮಾರು ಒಂದೂವರೆ ನಿಮಿಷ. ಪೂರ್ತಿ ದೂರ ಓಡಿದ್ದರೆ ಆ ದಿನ ಅವಳು ಮುಗಿಸುತ್ತಿದ್ದದ್ದು ಒಂದು ನಲವತ್ತಾರಕ್ಕೆ. ಅದರ ಹಿಂದೆಯೇ ಇನ್ನೊಂದು ಲೆಕ್ಕ ಬಂತು. ನಾಲ್ಕು ವರ್ಷದ ಹಿಂದಿನ ನಲವತ್ತೈದು ಇಪ್ಪತ್ತೇ ಅವಳ ಜೀವಮಾನದ ಒಳ್ಳೆಯ ಓಟ. ಅದನ್ನು ಓಡಿ ಮುಗಿಸಿ ಅವಳು ಕೂತು ಅತ್ತಿದ್ದಳು.

"ನಾನು ಅಳ್ತಾ ಇದ್ದಾಗ ನೀನು ಪಕ್ಕದಲ್ಲೇ ನಿಂತಿದ್ದೆ."

"ನಿಂತಿದ್ದೆ."

"ಗೊತ್ತಿದ್ದೂ ನಿಂತಿದ್ದೆ."

"ಬಾಯಿವರೆಗೂ ಬಂತು ಕಣೇ. ಅಷ್ಟರಲ್ಲಿ ಅಂಚೆ ತಾತ ಬಂದು ನಿನ್ನ ಸಮಾಧಾನ ಮಾಡೋಕೆ ನಿಂತ್ರು. ಅವರ ಮುಂದೆ ಹೇಗೆ ಹೇಳಲಿ? ನಿನ್ನ ಅಂಕಿ ಹೋದ್ರೆ ಅವರ ಎರಡು ಗಂಟೇನೂ ಹೋಗುತ್ತೆ. ಈಗಲೂ ಹೇಳ್ತಿರಲಿಲ್ಲ. ಇಲ್ಲದ ಅಂಕಿ ಹಿಂದೆ ಬಿದ್ದು ನೀನು ಕಾಲು ಕಳ್ಕೊಂಡ್ರೆ ನನಗೆ ತಡ್ಕೊಳ್ಳೋಕಾಗಲ್ಲ."

ಅವಳು ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಟ್ಟಳು. ಅಣ್ಣ ಹಿಂದಿನಿಂದ ಕರೆದ, ತಿರುಗಲಿಲ್ಲ.

ಎರಡು ದಿನ ಮನೆಯಲ್ಲಿ ಅವಳ ಮಾತು ಹೂಂ, ಉಹೂಂ ಎರಡೇ. ಹದಿನಾಲ್ಕು ವರ್ಷ ಗುಟ್ಟನ್ನು ಹೊಟ್ಟೆಯಲ್ಲಿಟ್ಟುಕೊಂಡವನ ಮೇಲೆ ಅವಳಿಗೆ ಕೆಂಡದಂಥ ಸಿಟ್ಟಿತ್ತು. ಶುಕ್ರವಾರ ಮಧ್ಯಾಹ್ನ ಅಂಗಡಿಯಲ್ಲಿ ಗಾಜು ಉಜ್ಜುತ್ತಿದ್ದಾಗ ಆ ಸಿಟ್ಟಿಗೆ ಕಾಲು ಮುರಿಯಿತು. ಮೂರು ಸಲ ಟೇಪು ಹಿಡಿಸಿದವಳು ಅವಳೇ ಅಲ್ಲವೇ? ಅಳತೆ ಕೆಡಿಸಿದ್ದು ಅವಳದೇ ಭಾರ ಅಲ್ಲವೇ? ಏರಿನಲ್ಲಿ ಅವಳು ಇಳಿದಿದ್ದರೆ ಅಷ್ಟಾದರೂ ಸರಿಯಾಗುತ್ತಿತ್ತು. ಇಳಿಯಲು ಅಣ್ಣ ಬಿಡಲಿಲ್ಲ, ನಿಜ ಹೇಳಬೇಕೆಂದರೆ ಅವಳಿಗೂ ಇಳಿಯುವ ಮನಸ್ಸಿರಲಿಲ್ಲ. ಆ ಬೆಳಗ್ಗೆ ಅಣ್ಣನ ಬೆನ್ನ ಹಿಂದೆ ಕೂತು ಅವಳು ಎಷ್ಟು ಸುಖವಾಗಿದ್ದಳೆಂದರೆ, ಒಂಬತ್ತು ಸಾವಿರ ಮುಗಿದಾಗ ಇಷ್ಟು ಬೇಗ ಆಯಿತೇ ಎನಿಸಿತ್ತು. ಇಷ್ಟು ವರ್ಷ ಅಂಕಿ ಅಂಕಿ ಎಂದು ಓಡಿದವಳಿಗೆ, ಅಂಕಿ ಸುಳ್ಳಾದ ಮೇಲೂ ಆ ಭಾನುವಾರ ಹಾಗೇ ಉಳಿದಿದೆಯೆಂದು ತಿಳಿದು ಕಣ್ಣು ಮಂಜಾಯಿತು. ಗಾಜನ್ನು ಕೆಳಗಿಟ್ಟು ಕಣ್ಣೊರೆಸಿಕೊಂಡಳು.

ಶನಿವಾರ ಸಂಜೆ ಅವಳೇ ಫೋನ್ ಮಾಡಿದಳು.

"ನಾಳೆ ಬರ್ತೀಯಾ?"

"ಬರ್ತೀನಿ."

"ಮುರಿಬೇಕಾದ್ದು ನಲವತ್ತೈದು ಇಪ್ಪತ್ತು."

ಆ ಕಡೆಯಿಂದ ಅಣ್ಣ, "ಹದಿನೆಂಟರವರೆಗೆ ಕಿಲೋಮೀಟರಿಗೆ ಐದೈದು ನಿಮಿಷ. ಒಂದು ಸೆಕೆಂಡೂ ಮುಂದೆ ಹೋಗ್ಬೇಡ. ಅಲ್ಲಿಂದಾಚೆ ನಿನ್ನಿಷ್ಟ" ಎಂದ.

ಭಾನುವಾರ ಅವಳು ಹಾಗೆಯೇ ಓಡಿದಳು. ನಾನೂರು ಜನರ ನಡುವೆ, ಅರ್ಧ ವಯಸ್ಸಿನವರು ದಾಟಿಹೋದರೂ ಹಲ್ಲು ಕಚ್ಚಿ, ತನ್ನ ಲೆಕ್ಕ ಬಿಡದೆ ಓಡಿದಳು. ಹದಿನೆಂಟನೇ ಕಿಲೋಮೀಟರಿನ ತಿರುವಿನಲ್ಲಿ ಅಣ್ಣ ವಾಚು ಹಿಡಿದು ನಿಂತಿದ್ದ. "ಸರಿಯಾಗಿ ಒಂದೂವರೆ ಗಂಟೆ. ಹೋಗು" ಎಂದ. ಅಲ್ಲಿಂದ ಹಿಮ್ಮಡಿ ಹೆಜ್ಜೆಹೆಜ್ಜೆಗೂ ಮೊಳೆ ಹೊಡೆದಂತೆ ಚುಚ್ಚಿತು. ನಿಂತರೆ ಮತ್ತೆ ಓಡಲಾರೆನೆಂದು ಅವಳಿಗೆ ಗೊತ್ತಿತ್ತು, ಅದಕ್ಕೇ ನಿಲ್ಲಲಿಲ್ಲ. ಕೊನೆಯ ಗೆರೆ ದಾಟಿ ತಲೆ ಎತ್ತಿದಾಗ ದೊಡ್ಡ ಗಡಿಯಾರದಲ್ಲಿ ಒಂದು ನಲವತ್ತೈದು ಹನ್ನೊಂದು ಎಂದಿತ್ತು.

ಗೆರೆಯ ಪಕ್ಕ ಕುರ್ಚಿ ಹಾಕಿಸಿಕೊಂಡು ಬಂದವರ ಹೊತ್ತು ಬರೆದುಕೊಳ್ಳುವುದು ಈಗ ಅಂಚೆ ತಾತನ ಕೆಲಸ. ಎಪ್ಪತ್ತನಾಲ್ಕರ ಮನುಷ್ಯ ಪುಸ್ತಕ ಬಿಟ್ಟು ಎದ್ದು ಬಂದು ಅವಳ ಭುಜ ಹಿಡಿದುಕೊಂಡರು.

"ಮೂವತ್ತಮೂರು ಸೆಕೆಂಡಲ್ಲಿ ತಪ್ಪಿಹೋಯ್ತಲ್ಲಮ್ಮ. ಬೇಜಾರು ಮಾಡ್ಕೋಬೇಡ. ಆ ವರ್ಷದ ಓಟ ಮತ್ತೆ ಬರೋದಲ್ಲ. ನಾನೂ ಎರಡು ಗಂಟೆ ಒಳಗೆ ಬಂದಿದ್ದು ಅದೊಂದೇ ಸಲ. ಈಗಲೂ ನೆನೆಸ್ಕೊಂಡ್ರೆ ಮೈ ಜುಮ್ ಅನ್ನುತ್ತೆ."

ಒಂದು ಮಾತು ಸಾಕಿತ್ತು. ಹದಿನೈದು ವರ್ಷ ಕಾದು ಪಡೆದ ಗೆಲುವು ನಾಲಿಗೆಯ ತುದಿಯಲ್ಲಿತ್ತು. ಅವಳು ಮುದುಕರ ಮುಖ ನೋಡಿದಳು. ಅವರ ಕಣ್ಣು ಎಲ್ಲೋ ದೂರ, ಹಳೆಯ ಗೇಟಿನ ಹತ್ತಿರ ಇತ್ತು.

"ಹೌದು ತಾತ. ಆ ದಿನಾನೇ ಬೇರೆ" ಎಂದಳು. ಹೇಳುವಾಗ ಸುಳ್ಳು ಹೇಳುತ್ತಿದ್ದೇನೆ ಎಂದು ಅವಳಿಗೆ ಅನಿಸಲಿಲ್ಲ.

ಅಷ್ಟರಲ್ಲಿ ಅಣ್ಣ ಸೈಕಲ್ ತುಳಿದುಕೊಂಡು ಏದುಸಿರು ಬಿಡುತ್ತ ಬಂದ. ಗಡಿಯಾರ ನೋಡಿದ, ಅವಳನ್ನು ನೋಡಿದ. ನೀರಿನ ಬಾಟಲಿ ಕೊಡುವ ನೆಪದಲ್ಲಿ ಬಗ್ಗಿ, ಅವಳಿಗೊಬ್ಬಳಿಗೇ ಕೇಳುವಂತೆ, "ಒಂಬತ್ತು ಸೆಕೆಂಡ್ ಕಣೇ" ಎಂದ.

ಅವಳು ಅಣ್ಣನ ತೋಳಿಗೆ ಮುಖ ಒತ್ತಿ ಗಟ್ಟಿಯಾಗಿ ಅತ್ತುಬಿಟ್ಟಳು. ಸುತ್ತ ನಿಂತವರೆಲ್ಲ ಪಾಪ, ಈ ಸಲವೂ ಆಗಲಿಲ್ಲ ಎಂದರು.