ಆರದ ಹಸಿರು

ನಿವೃತ್ತರಾಗಿ ವರ್ಷಗಳೇ ಕಳೆದರೂ ಹೆಡ್‌ಮೇಡಂ ಅವರ ಗತ್ತು ಮಾತ್ರ ಇಳಿದಿರಲಿಲ್ಲ. ಈಗಂತೂ ಸೊಸೆಯನ್ನು ಹೊಗಳುವುದೇ ಕೆಲಸ. ಹಾಲಿನವನಿಂದ ಹಿಡಿದು ಹಲ್ಲಿನ ಡಾಕ್ಟರರವರೆಗೆ ಯಾರನ್ನೂ ಬಿಟ್ಟಿರಲಿಲ್ಲ. "ಧೂಳಿಗಿಂತ ಸಣ್ಣ ಯಂತ್ರ ಮಾಡಿದ್ದಾಳೆ ರೀ ನಮ್ಮ ಸೊಸೆ. ತಂತಿಯಿಲ್ಲ, ಕರೆಂಟಿಲ್ಲ, ಒಂದಕ್ಕೊಂದು ಮಾತಾಡ್ತವೆ!" ಕೇಳಿ ಕೇಳಿ ಬೀದಿಯವರ ಕಿವಿ ತೂತಾಗಿತ್ತು.

ಆವತ್ತು ಸೊಸೆಯ ಪ್ರಯೋಗಾಲಯಕ್ಕೆ ಮೂವರು ಪರೀಕ್ಷಕರು ಬರುವವರಿದ್ದರು. ಅವರು ಒಪ್ಪಿದರೆ ಸರಿ, ಇಲ್ಲದಿದ್ದರೆ ಸೊಸೆಯ ಇಷ್ಟು ವರ್ಷದ ದುಡಿಮೆಗೆ ಬೀಗ. ಮನೆಯಿಂದ ಒಬ್ಬರು ಬರಬಹುದು ಎಂದಿದ್ದೇ ತಡ, ಹೆಡ್‌ಮೇಡಂ ಮಗನನ್ನು ಪಕ್ಕಕ್ಕೆ ಸರಿಸಿ ತಾವೇ ಹೊರಟುಬಂದರು.

ಸೊಸೆ ಪರೀಕ್ಷಕರನ್ನು ಎದುರುಗೊಳ್ಳಲು ಹೋದಾಗ ಒಳಕೋಣೆಯಲ್ಲಿ ಅವರೊಬ್ಬರೇ ಉಳಿದರು. ಅಬ್ಬಾ, ಏನು ಸೆಕೆ! "ದೊಡ್ಡವರು ಬರೋ ಹೊತ್ತಿಗೆ ಹೀಗಾ ಬೇಯಿಸೋದು?" ಎಂದುಕೊಂಡು ಎಸಿಯ ರಿಮೋಟ್ ಎತ್ತಿ, ಇದ್ದಬದ್ದ ತಂಪನ್ನೆಲ್ಲ ಬಿಟ್ಟರು. ತಮ್ಮ ಜಾಣತನಕ್ಕೆ ತಾವೇ ಬೀಗಿದರು.

ಪರೀಕ್ಷಕರು ಬಂದು ಕೂತರು. ಸೊಸೆ ಗಾಜಿನ ಮೇಲಿನ ಹನಿಯೊಂದನ್ನು ತೋರಿಸಿದಳು.

"ಇದರಲ್ಲಿ ಎರಡು ಬಗೆ ಕಣಗಳಿವೆ. ಮೊದಲನೇದು ಊತದ ಸುಳಿವು ಸಿಕ್ಕಾಗ ಅಣುಗಳನ್ನ ಬಿಡುತ್ತೆ. ಅದೇ ಅದರ ಮಾತು. ಆ ಅಣುಗಳು ತೇಲಿಕೊಂಡು ತಲುಪಿದ್ರೆ ಎರಡನೇದು ಔಷಧಿ ಬಿಡುತ್ತೆ, ಇಲ್ಲಿ ಈ ಪರದೆ ಹಸಿರಾಗುತ್ತೆ. ಊತ ಇಳಿದ ಮೇಲೆ ಉಳಿದ ಅಣುಗಳನ್ನ ಹನಿಯಲ್ಲೇ ಇರೋ ಕಿಣ್ವ ತಿಂದು ಮುಗಿಸುತ್ತೆ. ಔಷಧಿ ನಿಲ್ಲುತ್ತೆ, ಹಸಿರು ಆರುತ್ತೆ."

ಊತದ ಸುಳಿವು ಕೊಡುವ ದ್ರವವನ್ನು ಅವಳು ಹನಿಗೆ ಬೆರೆಸಿದಳು. ಪರದೆ ಹಸಿರಾಯಿತು. ಹೆಡ್‌ಮೇಡಂ ಚಪ್ಪಾಳೆ ತಟ್ಟಿಯೇಬಿಟ್ಟರು. ಆದರೆ ಊತದ ದ್ರವವನ್ನು ತೊಳೆದ ಮೇಲೂ ಹಸಿರು ಆರಲೇ ಇಲ್ಲ.

"ಶುರುವಾಗುತ್ತೆ, ನಿಲ್ಲೋದೇ ಇಲ್ವಲ್ಲಮ್ಮ," ಎಂದರು ಹಿರಿಯ ಪರೀಕ್ಷಕರು. "ರೋಗಿಯ ಮೈಗೆ ಬಿಟ್ರೆ ಗತಿಯೇನು?"

ಸೊಸೆ ಗಾಜು ಮುಟ್ಟಿ ನೋಡಿದಳು. "ತಣ್ಣಗಾಗಿದೆ ಸರ್. ಕಿಣ್ವಕ್ಕೆ ಮೈಬಿಸಿ ಬೇಕು, ಅದಕ್ಕೇ ಕೋಣೆ ಕಾಯಿಸಿಟ್ಟಿದ್ದೆ."

ಅವಳ ಕಣ್ಣು ಅತ್ತೆಯ ಮಡಿಲಿನ ರಿಮೋಟ್ ಮೇಲೆ ಬಿತ್ತು. "ನನ್ನದೇ ತಪ್ಪು ಸರ್, ನೋಡ್ಕೋಬೇಕಿತ್ತು," ಎಂದಳು.

ಹೆಡ್‌ಮೇಡಂ ಅವರಿಗೆ ತಾವು ಮಾಡಿದ ಎಡವಟ್ಟು ಹೊಳೆಯಿತು. ಬಾಯಿ ಬಿಡದಿದ್ದರೆ ಮಾನ ಉಳಿಯುತ್ತದೆ, ಸೊಸೆಯ ಕೆಲಸ ಮಣ್ಣುಪಾಲಾಗುತ್ತದೆ. ಹಾಳಾದ ಮಾನ, ಹೋದರೆ ಹೋಗಲಿ! ಎದ್ದು ನಿಂತರು.

"ಅವಳದ್ದಲ್ಲ ಸ್ವಾಮಿ, ನನ್ನದು. ನಿಮಗೆ ಸೆಕೆಯಾಗುತ್ತೆ ಅಂತ ಹೇಳದೆ ಕೇಳದೆ ಎಸಿ ಹಾಕಿದ್ದು ನಾನೇ. ಬೈಯೋದಿದ್ರೆ ನನ್ನನ್ನ ಬೈರಿ. ಅವಳಿಗೆ ಇನ್ನೊಂದು ಸಲ ಮಾಡೋಕೆ ಬಿಡಿ."

ಹಿರಿಯರು ಸಹೋದ್ಯೋಗಿಗಳ ಮುಖ ನೋಡಿ ಹೂಂ ಎಂದರು. ಕೋಣೆ ಮತ್ತೆ ಬಿಸಿಯಾಯಿತು. ಎಲ್ಲರೂ ಬೆವರು ಒರೆಸಿಕೊಳ್ಳುತ್ತ ಪರದೆಯನ್ನೇ ನೋಡುತ್ತಿದ್ದರು. ಹಸಿರು ಮಂಕಾಯಿತು, ಚುಕ್ಕಿಯಷ್ಟಾಯಿತು, ಆರಿಹೋಯಿತು. ಸೊಸೆ ಊತದ ದ್ರವ ಹಾಕಿದಳು, ಹಸಿರು ಬಂತು. ತೊಳೆದಳು, ಆರಿತು. ಹೆಡ್‌ಮೇಡಂಗೆ ಕಣ್ಣು ತುಂಬಿ ಪರದೆಯೇ ಸರಿಯಾಗಿ ಕಾಣಲಿಲ್ಲ.

"ಮೈಬಿಸಿಯಲ್ಲಿ ಹೇಳಿದ ಹಾಗೇ ನಡೀತಲ್ಲ. ಮುಂದುವರಿಸಿ," ಎಂದರು ಹಿರಿಯರು. ಹೊರಡುವಾಗ ಹೆಡ್‌ಮೇಡಂ ಕಡೆ ತಿರುಗಿ ನಕ್ಕರು. "ಅಂದಹಾಗೆ, ತಾವು ಯಾರು?"

ಬೇರೆ ದಿನವಾಗಿದ್ದರೆ ಶಾಲೆ, ಹುದ್ದೆ, ಪ್ರಶಸ್ತಿ ಎಲ್ಲ ಒಂದೇ ಉಸಿರಿಗೆ ಬರುತ್ತಿತ್ತು. ಅವರು ಸೆರಗು ಸರಿಮಾಡಿಕೊಂಡು, ಸೊಸೆಯ ಪಕ್ಕಕ್ಕೆ ಹೋಗಿ ನಿಂತರು.

"ನಾನಾ? ನಾನು ಇವಳ ಅತ್ತೆ."