ಅದೃಷ್ಟದ ಕೊಳವೆ

ಒಲೊಮೌತ್ಸ್ ಊರಿನ ಚೌಕದಲ್ಲಿ ಅಂದು ಬ್ಲಾಜೆನಾಳಿಗೆ ಗೈಡ್ ಪರೀಕ್ಷೆ. ಒಂದು ಸುಳ್ಳು ಹೇಳಿದರೂ ಪರವಾನಗಿ ಸಿಗುತ್ತಿರಲಿಲ್ಲ. ಪರೀಕ್ಷಕ ಹ್ರುಬೇಶ್ ಪ್ರವಾಸಿಗಳ ಜೊತೆಯಲ್ಲೇ ಬರುತ್ತಿದ್ದರು.

ಕಾರಂಜಿಯ ಕಂಚಿನ ಆಮೆಯನ್ನು ಅದೃಷ್ಟಕ್ಕೆಂದು ಸವರಿ ಎಲ್ಲರೂ ಮುಂದೆ ಹೊರಟರು. ಬ್ಲಾಜೆನಾಳ ಶೂನೊಳಗೆ ಕಲ್ಲು ಸೇರಿತ್ತು. ಅವಳು ಗೋಡೆಯ ಕೊಳವೆ ಹಿಡಿದು, ಶೂ ಕಳಚಿ, ಮೂರು ಸಲ ಕೊಡವಿದಳು. ತಿರುಗಿ ನೋಡಿದರೆ ಅವಳ ಹಿಂದೆ ಸಾಲು! ಅಜ್ಜಿಯೊಬ್ಬರು ಕೊಳವೆ ಹಿಡಿದು, ಕಣ್ಣು ಮುಚ್ಚಿ, ತಮ್ಮ ಶೂ ಕೊಡವುತ್ತಿದ್ದರು.

“ಅಯ್ಯೋ, ಅದು ಬರೀ ಮಳೆನೀರಿನ ಕೊಳವೆ ಕಣ್ರೀ!”

“ಅದೃಷ್ಟ ಎಲ್ಲ ನಿನಗೊಬ್ಬಳಿಗೇ ಬೇಕೇನಮ್ಮಾ?” ಎಂದು ಅಜ್ಜಿ ಗದರಿದರು.

ಬ್ಲಾಜೆನಾ ಹೆದರಿ ಪರೀಕ್ಷಕರನ್ನು ಹುಡುಕಿದಳು. ಅವರು ಒಂದು ಶೂ ಕೈಯಲ್ಲಿ ಹಿಡಿದು ಸಾಲಿನಲ್ಲೇ ನಿಂತಿದ್ದರು.

“ನಿಜ ಹೇಳಿದ್ರಿ, ಪಾಸಾದ್ರಿ. ಈಗ ಸ್ವಲ್ಪ ಸರೀರಿ, ಮುಂದಿನ ಸರದಿ ನಂದು.”