ತರಾಯ್ವಿನಿ ಬುಬು ಹಿತ್ತಲಿಗೆ ಹೋಗುವ ದಾರಿ

ನಮ್ಮ ದ್ವೀಪದ ರೇವಾ ನದಿಯಂಚಿನ ಹಳ್ಳಿಗಳಲ್ಲಿ ಸಕ್ಕರೆ ಕಾಯಿಲೆ ಇಲ್ಲದ ಮನೆ ಹುಡುಕುವುದು ಕಷ್ಟ. ಕಾಲಿನ ಹುಣ್ಣು ಮಾಯದೆ ಆಸ್ಪತ್ರೆಗೆ ಹೋದವರು ಎಷ್ಟೋ ಸಲ ಒಂದು ಕಾಲು ಕಳೆದುಕೊಂಡು ಬರುತ್ತಾರೆ. ಆಮೇಲೆ ಯಾರೋ ಒಂದು ಗಾಲಿಕುರ್ಚಿ ಕೊಡುತ್ತಾರೆ. ಅದು ಅಂಗಳದ ಕೆಸರಿನಲ್ಲಿ ಹೂತುಕೊಳ್ಳುತ್ತದೆ. ಆರು ತಿಂಗಳು ಬಿಟ್ಟು ನಾನು ಹೋದರೆ ಅದರ ಮೇಲೆ ಒಗೆದ ಬಟ್ಟೆ ಒಣಗುತ್ತಿರುತ್ತದೆ.

ನನ್ನ ಹೆಸರು ವಿನಿಯಾನಾ. ಅಂಗವಿಕಲರ ಮನೆಗಳಿಗೆ ಹೋಗಿ ವಿಚಾರಿಸಿಕೊಳ್ಳುವುದು ನನ್ನ ಕೆಲಸ. ಹದಿನೇಳು ವರ್ಷವಾಯಿತು. ಅಂಥ ಕುರ್ಚಿಗಳನ್ನು ಬಸ್ಸಿನ ಮೇಲೆ ಹಾಕಿಸಿಕೊಂಡು ನಾನೇ ಎಷ್ಟೋ ಮನೆಗೆ ಮುಟ್ಟಿಸಿದ್ದೇನೆ. ಅವು ಮೂಲೆ ಸೇರಿದ್ದು ನೋಡಿ ಮೊದಮೊದಲು ಬೇಸರವಾಗುತ್ತಿತ್ತು. ಬರಬರುತ್ತಾ ಪುಸ್ತಕದಲ್ಲಿ ‘ಕೊಡಲಾಗಿದೆ’ ಎಂದು ಬರೆದು ಮುಂದಿನ ಮನೆಗೆ ಹೋಗುವುದು ರೂಢಿಯಾಯಿತು.

ಹೋದ ವರ್ಷ ನಮ್ಮ ರಾಜಧಾನಿ ಸುವಾ ಕಡೆಯ ಒಂದು ತಾಂತ್ರಿಕ ಕಾಲೇಜಿನವರು ಫೋನ್ ಮಾಡಿದರು. ತಮ್ಮ ವಿದ್ಯಾರ್ಥಿಗಳು ಅಂಗವಿಕಲರಿಗೆ ಬೇಕಾಗುವ ಸಾಧನ ತಯಾರಿಸುವುದನ್ನು ಕಲಿಯುತ್ತಿದ್ದಾರೆ, ಒಂದು ಮನೆ ತೋರಿಸಿ ಎಂದರು. ನನಗೆ ಹುರುಪೇನೂ ಇರಲಿಲ್ಲ. ಬಸ್ಸಿಳಿದರೆ ಹತ್ತಿರ ಎಂಬ ಒಂದೇ ಕಾರಣಕ್ಕೆ ತರಾಯ್ವಿನಿಯ ಮನೆ ತೋರಿಸಿದೆ.

ತರಾಯ್ವಿನಿಗೆ ಐವತ್ತೆಂಟು ವರ್ಷ. ಊರಿಗೆಲ್ಲ ಅವಳು ಬುಬು, ಅಂದರೆ ಅಜ್ಜಿ. ಮೂವತ್ತು ವರ್ಷ ನದಿಯಲ್ಲಿ ಮುಳುಗಿ ಚಿಪ್ಪಿ ಹೆಕ್ಕಿ ನೌಸೋರಿ ಸಂತೆಯಲ್ಲಿ ಮಾರಿದವಳು. ಬಲಗಾಲು ಮೊಣಕಾಲಿನ ಕೆಳಗೆ ಇಲ್ಲ. ಮಗ ಹಡಗಿನ ಮೇಲೆ ದುಡಿಯುತ್ತಾನೆ, ವರ್ಷಕ್ಕೊಮ್ಮೆ ಬರುತ್ತಾನೆ. ಮನೆಯಲ್ಲಿ ಸೊಸೆ ಅಕೋಸಿತಾ, ಎರಡು ಸಣ್ಣ ಮಕ್ಕಳು. ಅಕೋಸಿತಾ ಮೀನು ಡಬ್ಬಿಗೆ ತುಂಬುವ ಕಾರ್ಖಾನೆಗೆ ಬೆಳಗ್ಗೆ ಆರಕ್ಕೆ ಹೊರಟರೆ ಸಂಜೆ ನಾಲ್ಕರ ಮೇಲೆ ಬರುವುದು. ದಿನವಿಡೀ ನಿಂತೇ ಇರುವ ಕೆಲಸ.

ಬಂದ ವಿದ್ಯಾರ್ಥಿಗಳು ಇಬ್ಬರು. ರೋಷಿಕಾ ಲಂಬಾಸಾ ಕಡೆಯ ಕಬ್ಬು ಬೆಳೆಗಾರರ ಮಗಳು, ಮಾತು ಕಡಿಮೆ, ಕೇಳಿದ್ದನ್ನೆಲ್ಲ ಬರೆದುಕೊಳ್ಳುವವಳು. ಇಲೈತಿಯಾ ಸುವಾದ ಹುಡುಗ. ಕಬ್ಬಿಣ ಬೆಸೆಯುವುದರಲ್ಲಿ ಕೈ ಪಳಗಿತ್ತು, ಮಾತೂ ಜೋರು. ಇಬ್ಬರೂ ಅಳತೆ ಟೇಪು ತೆಗೆದು ಅಂಗಳ ಅಳೆದರು, ಗಾಲಿಕುರ್ಚಿ ಅಳೆದರು, ಬುಬುವಿನ ಮೊಂಡು ಕಾಲನ್ನೂ ಅಳೆದರು. ಅವಳ ತೂಕವೆಷ್ಟು ಎಂದು ಅಕೋಸಿತಾಳನ್ನು ಕೇಳಿದರು. ಇಲ್ಲಿಂದ ನದಿ ಎಷ್ಟು ದೂರ ಎಂದು ನನ್ನನ್ನು ಕೇಳಿದರು. ಬುಬು ಕೇದಗೆ ಗರಿಯ ಚಾಪೆಯ ಮೇಲೆ ಕೂತು ನಗುತ್ತಿದ್ದಳು.

ಇವಳು ನದಿಯ ಹೆಂಗಸು, ಮತ್ತೆ ನದಿಗೆ ಹೋಗುವಂತಾಗಬೇಕು ಎಂದು ಇಲೈತಿಯಾ ತೀರ್ಮಾನಿಸಿದ. ಬುಬು ಬೇಡವೆನ್ನಲಿಲ್ಲ. ಮನೆಗೆ ಬಂದು ಚಾಪೆಯ ಮೇಲೆ ಕೂತವರಿಗೆ ನಮ್ಮಲ್ಲಿ ಯಾರೂ ಬೇಡ ಎನ್ನುವುದಿಲ್ಲ. ಅದು ನನಗೆ ಗೊತ್ತಿತ್ತು. ಆದರೂ ಸುಮ್ಮನಿದ್ದೆ. ನನ್ನ ಬಸ್ಸಿನ ಹೊತ್ತಾಗಿತ್ತು.

ಆರು ವಾರ ಬಿಟ್ಟು ಒಂದು ಗಾಡಿ ತಂದರು. ದಪ್ಪ ಟೈರು, ಕೈಯಿಂದ ಹಿಂದೆ ಮುಂದೆ ಆಡಿಸಿದರೆ ಓಡಿಸುವ ಸನ್ನೆಕೋಲು. ನಿಜ ಹೇಳಬೇಕೆಂದರೆ ಅದು ಕೆಸರಿನಲ್ಲೂ ಓಡುತ್ತಿತ್ತು. ಪಾದ್ರಿ ಬಂದು ಪ್ರಾರ್ಥನೆ ಮಾಡಿದರು. ಬುಬು ಹತ್ತಿ ಕೂತಳು, ಫೋಟೋ ತೆಗೆದರು. ಅಕೋಸಿತಾ ರಜೆ ಹಾಕಿ ಎಲ್ಲರಿಗೂ ಮೀನು, ಮರಗೆಣಸು ಬೇಯಿಸಿ ಬಡಿಸಿದಳು. ಕಾಲೇಜಿನ ಪ್ರದರ್ಶನದಲ್ಲಿ ಗಾಡಿಗೆ ಮೊದಲ ಸ್ಥಾನ ಬಂತೆಂದು ಆಮೇಲೆ ತಿಳಿಯಿತು.

ಮೂರು ವಾರ ಕಳೆದಿತ್ತು. ಬುಬುಗೆ ನಡುಕದ ಜ್ವರ ಬಂತು. ಎರಡನೆಯ ದಿನ ಮಾತು ತೊದಲತೊಡಗಿದ ಮೇಲೆ ಅಕೋಸಿತಾ ಅಕ್ಕಪಕ್ಕದವರನ್ನು ಕೂಗಿ ಆಸ್ಪತ್ರೆಗೆ ಸೇರಿಸಿದಳು. ಮೂತ್ರದ ಸೋಂಕು ಮೂತ್ರಪಿಂಡಕ್ಕೆ ಏರಿದೆ, ಸಕ್ಕರೆ ಕಾಯಿಲೆಯವರಿಗೆ ಇದು ಜೀವಕ್ಕೇ ಅಪಾಯ, ಇನ್ನೊಂದು ದಿನ ತಡವಾಗಿದ್ದರೆ ಕಷ್ಟವಿತ್ತು ಎಂದರು ವೈದ್ಯರು. ದಿನಕ್ಕೆ ಎಷ್ಟು ನೀರು ಕುಡಿಯುತ್ತಾರೆ ಎಂದು ಕೇಳಿದರು. ಎಲ್ಲರಷ್ಟೇ ಎಂದಳು ಅಕೋಸಿತಾ. ಬುಬು ಗೋಡೆಯ ಕಡೆ ಮುಖ ತಿರುಗಿಸಿದಳು.

ಆ ವಾರವೇ ರೋಷಿಕಾ ನನಗೆ ಫೋನ್ ಮಾಡಿದ್ದಳು. ಗಾಡಿಯ ಬಳಕೆ ಹೇಗಿದೆ ಎಂದು ವರದಿ ಬರೆಯಬೇಕಿತ್ತಂತೆ. ಆಸ್ಪತ್ರೆಗೇ ಬಾ ಎಂದೆ. ಅವಳೊಬ್ಬಳೇ ಬಂದಳು. ಬುಬುವಿನ ಜ್ವರ ಇಳಿದಿತ್ತು. ಮಂಚದ ಸುತ್ತ ಪರದೆ ಎಳೆದು ನಾವಿಬ್ಬರೂ ಕೂತೆವು. ರೋಷಿಕಾ ಅಚ್ಚು ಹಾಕಿದ ಹಾಳೆ ತೆಗೆದು, ವಾರಕ್ಕೆ ಎಷ್ಟು ಸಲ ಗಾಡಿ ಬಳಸುತ್ತೀರಿ ಎಂದು ಮೆಲ್ಲಗೆ ಕೇಳಿದಳು.

“ಒಂದು ಸಲಾನೂ ಇಲ್ಲ ಕಣಮ್ಮ,” ಎಂದಳು ಬುಬು. “ಸುಳ್ಳು ಹೇಳೋಷ್ಟು ಶಕ್ತಿ ಇವತ್ತು ನಂಗಿಲ್ಲ.”

“ನದಿಗೆ ಹೋಗೋಕೆ ನಿಮಗೆ ಇಷ್ಟ ಇಲ್ವಾ ಬುಬು?”

“ಮೂವತ್ತು ವರ್ಷ ಕತ್ತಿನ ತನಕ ನೀರಲ್ಲಿ ನಿಂತಿದೀನಿ. ಇನ್ನೂ ನದಿನಾ? ನದಿ ನೋಡಿದ್ರೇ ಚಳಿ ಆಗತ್ತೆ ನಂಗೆ.”

“ಮತ್ತೆ ಅವತ್ತೇ ಯಾಕೆ ಹೇಳ್ಲಿಲ್ಲ?”

“ನೀವು ನನ್ನ ಕೇಳ್ಲಿಲ್ವಲ್ಲ. ಅಳತೆ ತಗೊಂಡ್ರಿ, ಹೋದ್ರಿ.”

ರೋಷಿಕಾಳ ಮುಖ ಕೆಂಪಾಯಿತು. ಎದ್ದು ಹೋಗುತ್ತಾಳೆ ಅಂದುಕೊಂಡೆ. ಅವಳು ಹಾಳೆಯನ್ನು ಮಡಚಿ ಚೀಲಕ್ಕೆ ಹಾಕಿದಳು. ಕುರ್ಚಿಯನ್ನು ಮಂಚದ ಹತ್ತಿರ ಎಳೆದುಕೊಂಡಳು. “ಬೆಳಗ್ಗೆ ಏಳೋದ್ರಿಂದ ಹಿಡಿದು ಮಲಗೋ ತನಕ, ನಿಮಗೆ ಎಲ್ಲಕ್ಕಿಂತ ಜಾಸ್ತಿ ಕಷ್ಟ ಆಗೋದು ಯಾವಾಗ ಬುಬು?”

ಬುಬು ಪರದೆ ಪೂರ್ತಿ ಮುಚ್ಚಿದೆಯೇ ಎಂದು ನೋಡಿಕೊಂಡಳು. ಆಮೇಲೆ ದನಿ ತಗ್ಗಿಸಿ, “ಹಿತ್ತಲಿಗೆ ಹೋಗೋವಾಗ,” ಎಂದಳು.

ಅವರ ಮನೆಯ ಶೌಚಾಲಯ ಹಿತ್ತಲಲ್ಲಿ, ದೀವಿ ಹಲಸಿನ ಮರದಾಚೆ, ಇಳಿಜಾರಿನಲ್ಲಿದೆ. ಎರಡು ಕಾಲಿನವರಿಗೆ ನಲವತ್ತು ಹೆಜ್ಜೆ. ನೆಲ ಯಾವಾಗಲೂ ಒದ್ದೆ. ಊರುಗೋಲು ಹಿಡಿದು ಹೋಗಿ ಎರಡು ಸಲ ಬಿದ್ದಿದ್ದಳು. ಆಮೇಲೆ ಸೊಸೆ ಹಿಡಿದುಕೊಂಡರೆ ಮಾತ್ರ ಹೋಗುತ್ತಿದ್ದಳು. ಸೊಸೆ ಕೆಲಸದಲ್ಲಿದ್ದಾಗ ಹೋಗಬೇಕಾಗಬಾರದೆಂದು ನೀರು ಬಿಟ್ಟಳು. ಬಿಸಿಲಿನ ದಿನವೂ ತುಟಿ ಒದ್ದೆ ಮಾಡಿಕೊಂಡು ಸುಮ್ಮನಿರುತ್ತಿದ್ದಳು. ಎರಡು ವರ್ಷದಿಂದ ಹೀಗೆ.

“ಅವಳು ನಿಂತೂ ನಿಂತೂ ಸುಸ್ತಾಗಿ ಬಂದಿರ್ತಾಳೆ,” ಎಂದಳು ಬುಬು. “ಎಷ್ಟು ಸಲ ಅಂತ ಕರೀಲಿ? ಆ ಹುಡುಗನ ಮುಂದೆ ಇದನ್ನೆಲ್ಲ ಹೇಗೆ ಹೇಳ್ಲಿ?”

ಆ ಎರಡು ವರ್ಷದಲ್ಲಿ ನಾನು ಆ ಮನೆಗೆ ಹನ್ನೊಂದು ಸಲ ಹೋಗಿದ್ದೆ. ಒಮ್ಮೆಯೂ ಇದನ್ನು ಕೇಳಿರಲಿಲ್ಲ.

ಅಕೋಸಿತಾ ಒಗೆದ ಬಟ್ಟೆ ಹಿಡಿದು ಪರದೆಯ ಹೊರಗೇ ನಿಂತಿದ್ದಳು. ಒಳಗೆ ಬಂದು ಮಂಚದ ಅಂಚಿಗೆ ಕೂತಳು. “ನಂಗೆ ಹೇಳ್ಬೇಕಿತ್ತು ಅತ್ತೆ,” ಎಂದಳು.

“ಹೇಳಿದ್ರೆ ನೀನು ಕೆಲ್ಸ ಬಿಟ್ಟುಬಿಡ್ತಿದ್ದೆ.”

ಅಕೋಸಿತಾ ಅತ್ತೆಯ ಕಾಲಿನ ಮೇಲೆ ಹೊದಿಕೆ ಸರಿಮಾಡುತ್ತಾ ಕೂತಳು.

ರೋಷಿಕಾ ಹೋಗಿ ಇಲೈತಿಯಾನಿಗೆ ಎಲ್ಲ ಹೇಳಿದಳಂತೆ. ಅವನು ಸಿಟ್ಟಾದನಂತೆ. ಮೊದಲ ಸ್ಥಾನ ಬಂದಿದೆ, ಅಂಕ ಕೊಟ್ಟಾಗಿದೆ, ಪರೀಕ್ಷೆ ಹತ್ತಿರವಿದೆ, ಈಗ ಮತ್ತೆ ಶುರು ಮಾಡಿದರೆ ಅದಕ್ಕೆ ಯಾರು ಅಂಕ ಕೊಡುತ್ತಾರೆ ಎಂದನಂತೆ. ಯಾರೂ ಕೊಡುವುದಿಲ್ಲ ಎಂದಳಂತೆ ರೋಷಿಕಾ. ಬುಬು ಮನೆಗೆ ಬಂದ ಮೇಲಿನ ಶನಿವಾರ ಅವನೂ ಮುಖ ಊದಿಸಿಕೊಂಡೇ ಬಂದ.

ಅಕೋಸಿತಾ ಬಾಗಿಲಲ್ಲೇ ತಡೆದಳು. “ಇನ್ನೇನು ತಂದ್ರಪ್ಪಾ? ಇನ್ನೊಂದು ಫೋಟೋನಾ? ನಮ್ಮನೇಲಿ ಇನ್ನು ಸಾಮಾನು ಇಡೋಕೆ ಜಾಗ ಇಲ್ಲ.”

“ಏನೂ ತಂದಿಲ್ಲ ಅಕ್ಕ,” ಎಂದಳು ರೋಷಿಕಾ. “ಬುಬುಗೆ ಬೇಜಾರಿಲ್ಲ ಅಂದ್ರೆ, ಹಿತ್ತಲ ದಾರೀನ ಅವರೇ ತೋರಿಸ್ಲಿ. ನಾವು ಹಿಂದೆ ಬರ್ತೀವಿ.”

ಬುಬು ಇಲೈತಿಯಾನನ್ನು ಒಮ್ಮೆ ನೋಡಿದಳು. ಆಮೇಲೆ ಊರುಗೋಲು ತೆಗೆದುಕೊಂಡು ಎದ್ದಳು. ಅವಳು ಮುಂದೆ, ನಾವೆಲ್ಲ ಅವಳದೇ ನಿಧಾನದಲ್ಲಿ ಹಿಂದೆ. ಕಷ್ಟವಾದ ಕಡೆಯೆಲ್ಲ ನಿಂತು ಹೇಳಿದಳು. ಇಲ್ಲಿ ಕೋಲು ಜಾರುತ್ತದೆ. ಇಲ್ಲಿ ಬಿಸಿಲು ಕಣ್ಣಿಗೆ ಹೊಡೆದು ಮೆಟ್ಟಿಲು ಕಾಣುವುದಿಲ್ಲ. ಈ ಬಾಗಿಲು ನನ್ನ ಕಡೆಗೇ ತೆರೆಯುತ್ತದೆ, ಒಂಟಿ ಕಾಲಲ್ಲಿ ಹಿಂದಕ್ಕೆ ಸರಿಯಬೇಕು. ಒಳಗೆ ಕೂತರೆ ಏಳುವಾಗ ಹಿಡಿಯಲು ಏನೂ ಇಲ್ಲ. ಇಳಿಜಾರಿನಲ್ಲಿ ಒಂದು ಕಡೆ ಅವಳು ನೆಲಕ್ಕೆ ಕೈಯೂರಿಯೇ ಇಳಿಯಬೇಕಾಯಿತು. ನಲವತ್ತು ಹೆಜ್ಜೆಗೆ ಹನ್ನೊಂದು ನಿಮಿಷ ಹಿಡಿಯಿತು. ಅವಳ ಅಂಗೈಗೆ ಮೆತ್ತಿದ್ದ ಕೆಸರನ್ನು ಇಲೈತಿಯಾ ನೋಡುತ್ತಲೇ ಇದ್ದ. ವಾಪಸು ಬಂದಾಗ ಅವನ ಮುಖದ ಊತ ಇಳಿದಿತ್ತು. ಗಾಡಿಯ ಹತ್ತಿರ ಹೋದವನು ಅದನ್ನು ಬಿಚ್ಚತೊಡಗಿದ. ಅದರ ಪೈಪು ದಾರಿಯಲ್ಲಿ ಹಿಡಿದು ನಡೆಯುವ ಕೈಹಿಡಿಗೆ ಆಗುತ್ತದೆ ಎಂದ.

ಆಮೇಲೆ ನಾಲ್ಕು ಶನಿವಾರ ಬಂದರು. ಇಳಿಜಾರಿಗೆ ನದಿಯ ಜಲ್ಲಿ ತುಂಬಿ ಗಟ್ಟಿಮಾಡಿದರು. ಬಾಗಿಲು ಕಿತ್ತು ಪಕ್ಕಕ್ಕೆ ಜರುಗುವ ಹಲಗೆ ಹಾಕಿದರು. ಒಳಗೆ ಎರಡೂ ಕಡೆ ತೋಳಿರುವ ಮರದ ಪೀಠ. ದಾರಿಯುದ್ದಕ್ಕೂ ಕಬ್ಬಿಣದ ಕೈಹಿಡಿ, ಸಾಲದ ಪೈಪನ್ನು ಕಾಲೇಜಿನಿಂದ ತಂದರು. ಮೊದಲ ದಿನ ಅದನ್ನು ಪುಸ್ತಕದಲ್ಲಿದ್ದ ಎತ್ತರಕ್ಕೆ ನಿಲ್ಲಿಸಿದರು. ಬುಬು ಹಿಡಿದು ನೋಡಿದಳು, ಅವಳ ಭುಜ ಕಿವಿಯ ತನಕ ಏರಿತು. “ಇದು ನಿಮ್ಮ ಮೇಷ್ಟ್ರಿಗೆ ಸರಿಹೋಗತ್ತೆ,” ಎಂದಳು. ಕಿತ್ತು ಒಂದು ಗೇಣು ತಗ್ಗಿಸಿದರು. ಮುಂದಿನ ವಾರ ಮಳೆ. ಬಣ್ಣ ಬಳಿದ ಪೈಪಿನ ಮೇಲೆ ಕೈ ನಿಲ್ಲಲಿಲ್ಲ. ಹೊರದೇಶದಿಂದ ರಬ್ಬರು ತರಿಸಬೇಕು ಎಂದ ಇಲೈತಿಯಾ. ಬುಬು ಅಕೋಸಿತಾಳಿಗೆ ಹೇಳಿ ಅಟ್ಟದ ಮೇಲಿದ್ದ ತೆಂಗಿನ ನಾರಿನ ಹುರಿ ತರಿಸಿದಳು. ನೆಲದ ಮೇಲೆ ಕೂತು, ಕುಂಡಿಯಲ್ಲೇ ಸರಿಯುತ್ತಾ, ಕೈಹಿಡಿಯ ಉದ್ದಕ್ಕೂ ತಾನೇ ಹುರಿ ಸುತ್ತಿದಳು. ದಾರಿ ತಿರುಗುವಲ್ಲಿ, ಇಳಿಜಾರು ಮುಗಿಯುವಲ್ಲಿ ದಪ್ಪ ಗಂಟು ಹಾಕಿದಳು. ಸಕ್ಕರೆ ಕಾಯಿಲೆಯಿಂದ ಕಣ್ಣೂ ಮಂಜಾಗುತ್ತಿತ್ತು, ಅದನ್ನು ಅವಳು ಮೊದಲ ಸಲ ಹೇಳಿದ್ದೂ ಆಗಲೇ. ಕಣ್ಣು ಹೋದರೂ ಕೈಗೆ ದಾರಿ ಗೊತ್ತಾಗಲಿ ಎಂದಳು. ಇಲೈತಿಯಾ ಪಕ್ಕದಲ್ಲಿ ಕೂತು ಕಲಿತ. ಅವನು ಹಾಕಿದ್ದನ್ನು ಅವಳು ಬಿಚ್ಚಿಸಿದಳು. “ಇದು ಗಂಟೇನೋ, ಇಲ್ಲಾ ಕೋಳಿ ಕೆದಕಿದ್ದೋ?” ಎಂದು ಬೈದಳು. ಅವನು ಮತ್ತೆ ಹಾಕಿದ.

ಬುಬು ಒಬ್ಬಳೇ ಹೋದ ಮೊದಲ ಬೆಳಗ್ಗೆ ನಾನು ಅಲ್ಲಿರಲಿಲ್ಲ. ಅಕೋಸಿತಾ ಆಮೇಲೆ ಹೇಳಿದಳು. ಕೆಲಸಕ್ಕೆ ಹೊರಟವಳು ಮನಸ್ಸು ತಡೆಯದೆ ಬಸ್ ನಿಲ್ದಾಣದಿಂದ ವಾಪಸು ಬಂದು ಮರದ ಹಿಂದೆ ನಿಂತಿದ್ದಳಂತೆ. ಬುಬು ಕೈಹಿಡಿ ಹಿಡಿದು ಇಳಿದಳು. ಒಳಗೆ ಹೋದಳು. ಹೊರಗೆ ಬಂದಳು. ಅರ್ಧ ದಾರಿಗೆ ಹತ್ತಿ ಬಂದು ನಿಂತು, “ಅಕೋಸಿತಾ, ಬಸ್ ಹೋಗತ್ತೆ ನೋಡು,” ಎಂದಳಂತೆ. ಅಕೋಸಿತಾ ಓಡಿದಳಂತೆ. ಬಸ್ಸಿನಲ್ಲಿ ಕೂತ ಮೇಲೆ ಅತ್ತಳಂತೆ, ಯಾಕೆಂದು ಅವಳಿಗೂ ಗೊತ್ತಾಗಲಿಲ್ಲವಂತೆ.

ಎಲ್ಲ ಸರಿಹೋಯಿತು ಎಂದು ನಾನು ಹೇಳುವುದಿಲ್ಲ. ಬುಬುವಿನ ಸಕ್ಕರೆ ಏರುತ್ತದೆ, ಇಳಿಯುತ್ತದೆ. ಉಳಿದ ಕಾಲನ್ನು ದಿನವೂ ನೋಡಿಕೊಳ್ಳಬೇಕು. ಪ್ರವಾಹ ಬಂದಾಗ ಕೈಹಿಡಿಯ ಕೆಳಗಿನ ಭಾಗ ಕಿತ್ತುಹೋಯಿತು. ವಿದ್ಯಾರ್ಥಿಗಳು ಬಂದು ಸರಿಮಾಡಿದರು, ಅಕೋಸಿತಾ ಪಕ್ಕದಲ್ಲಿ ನಿಂತು ತಾನೂ ಕಲಿತಳು. ಆದರೆ ಆ ಜ್ವರ ಮತ್ತೆ ಬಂದಿಲ್ಲ. ಬುಬು ಬೇಕೆನಿಸಿದಾಗ ನೀರು ಕುಡಿಯುತ್ತಾಳೆ, ಯಾರನ್ನೂ ಕಾಯುವುದಿಲ್ಲ.

ನನ್ನ ಆಯಾಸವೂ ಹೋಗಿಲ್ಲ. ಈಗಲೂ ನಲವತ್ತಮೂರು ಮನೆ ನನ್ನ ಪಾಲಿಗಿವೆ. ಈಗ ಏನು ಕೊಡಬೇಕೆಂದು ಬರೆಯುವ ಮೊದಲು, ಏನು ಕಷ್ಟ ಎಂದು ಅವರನ್ನೇ ಕೇಳುತ್ತೇನೆ. ಕೆಲವರು ಹೇಳುವುದಿಲ್ಲ. ಇನ್ನೊಂದು ದಿನ ಹೋಗಬೇಕಾಗುತ್ತದೆ.

ಈ ವರ್ಷ ಕಾಲೇಜಿನವರು ಮತ್ತೆ ಫೋನ್ ಮಾಡಿದರು. ನಾನು ಬುಬುವನ್ನೇ ಅಲ್ಲಿಗೆ ಕರೆದುಕೊಂಡು ಹೋದೆ. ಹೊಸ ವಿದ್ಯಾರ್ಥಿಗಳು ಮೂವತ್ತು ಜನ ಎದುರಿಗೆ ಕೂತಿದ್ದರು. ಮಾತಾಡಿ ಎಂದರೆ ಅವಳಿಗೆ ಮೊದಲು ನಾಚಿಕೆಯಾಯಿತು. ಆಮೇಲೆ ಹೇಳಿದಳು: “ಟೇಪು ಆಮೇಲೆ ತೆಗೀರಿ ಮಕ್ಕಳೇ. ಮೊದ್ಲು ಕೂತ್ಕೊಳಿ. ಹುಡುಗೀರ ಹತ್ರ ಮಾತ್ರ ಹೇಳೋವಂಥದ್ದನ್ನ ಹುಡುಗೀರೇ ಕೇಳಿ. ನಿಮ್ಮ ಸಾಮಾನು ನಂಗೆ ಆಗ್ಲಿಲ್ಲ ಅಂದ್ರೆ ಬೇಜಾರು ಮಾಡ್ಕೋಬೇಡಿ, ಬಿಚ್ಚಿ ಮತ್ತೆ ಮಾಡಿ.”

ಇದನ್ನು ಓದುತ್ತಿರುವ, ಸಂಘದಲ್ಲಿ ಕೂತು ಕೇಳುತ್ತಿರುವ ಅಕ್ಕ ತಂಗಿಯರೇ, ಅಣ್ಣ ತಮ್ಮಂದಿರೇ, ನಿಮ್ಮ ಮನೆಯಲ್ಲೂ ನಡೆಯಲಾಗದವರು, ಕಣ್ಣು ಕಾಣದವರು, ಕೈಯಲ್ಲಿ ಬಲವಿಲ್ಲದವರು ಇರಬಹುದು. ಅವರು ಇವತ್ತು ಎಷ್ಟು ನೀರು ಕುಡಿದರು ನೋಡಿ. ಕಡಿಮೆ ಎನಿಸಿದರೆ ಬೈಯಬೇಡಿ, ಯಾಕೆಂದು ಕೇಳಿ. ಜ್ವರ, ಉರಿಮೂತ್ರ ಕಂಡರೆ ಅವತ್ತೇ ಆಸ್ಪತ್ರೆಗೆ ಕರೆದೊಯ್ಯಿರಿ. ಹಿಡಿದು ನಡೆಯಲು ಒಂದು ಬಿದಿರ ಗಳುವಾದರೂ ಸರಿ, ಅವರ ಕೈಯ ಎತ್ತರಕ್ಕೆ ಕಟ್ಟಿಕೊಡಿ. ಸಾಧನ ಮಾಡಲು ಬರುವ ಮಕ್ಕಳಿಗೆ ಬಾಗಿಲು ಹಾಕಬೇಡಿ, ಆದರೆ ಕೊನೆಯ ಮಾತು ಅವರದ್ದಾಗದಿರಲಿ, ಬಳಸುವವರದ್ದಾಗಲಿ. ಮನೆಯವರನ್ನು ಕೇಳಿದರೆ ಸಾಲದು, ನನ್ನಂಥವರನ್ನು ಕೇಳಿದರೂ ಸಾಲದು. ಅವರನ್ನೇ, ಒಬ್ಬರೇ ಇರುವಾಗ, ಪಕ್ಕದಲ್ಲಿ ಕೂತು ಕೇಳಿ. ಮೊದಲ ಸಲ ಅವರು ‘ಏನೂ ಬೇಡ, ಚೆನ್ನಾಗಿದ್ದೀನಿ’ ಎನ್ನುತ್ತಾರೆ. ಎದ್ದು ಬರಬೇಡಿ. ಇನ್ನೊಂದು ಸಲ ಕೇಳಿ.